ಮಲಪ್ರಭೆಯ ನೀರು ಕೇಳುವವರು ಮಲಪ್ರಭೆಯನ್ನೊಮ್ಮೆ ನೋಡಿ ಬನ್ನಿ

ಮಲಪ್ರಭೆಯ ಹೆಸರಿನಲ್ಲಿ ನಮ್ಮ ಭಾಗದಲ್ಲಿ ಆದಷ್ಟು ಬಂದ್, ರಸ್ತೆ ತಡೆ, ಪಾದಯಾತ್ರೆ ಬೇರೆ ಯಾವ ವಿಷಯಕ್ಕೂ ಆಗಿರಲಿಕ್ಕಿಲ್ಲ. ಹಾಗೆ ಘೋಷಣೆ ಕೂಗಿದವರಲ್ಲಿ ಕಣಕುಂಬಿಯನ್ನು ಕಣ್ಣಾರೆ ಕಂಡವರು ಎಷ್ಟು ಜನ? ಹೊಳೆ ಹುಟ್ಟುವ ಆ ಊರಿನಿಂದ ಕೃಷ್ಣೆಯನ್ನು ಕೂಡುವ ಕೂಡಲಸಂಗಮದ ತನಕ ಒಮ್ಮೆಯಾದರೂ ಅದರ ಜೊತೆ ಹೋಗಿ ಬಂದವರು ಎಷ್ಟು? ನಾನು ಕುಂದಗೋಳ ತಾಲೂಕಿನ ಸಂಶಿಯವನು. ಸಾರಿಗೆ ಬಸ್ಸಿನ ಚಾಲಕನಾಗಿ ಹುಬ್ಬಳ್ಳಿ–ವಿಜಯಪುರ, ಹುಬ್ಬಳ್ಳಿ–ಬೆಳಗಾವಿ ದಾರಿಯಲ್ಲೇ ಆಯುಷ್ಯ ಕಳೆದು, ಈಗ ನಿವೃತ್ತನಾಗಿ ಊರಲ್ಲಿ ಮೆಣಸಿನಕಾಯಿ ಹೊಲ ನೋಡಿಕೊಂಡಿದ್ದೇನೆ. ಕೊಣ್ಣೂರಿನ ಹತ್ತಿರ ಒಂದು ಕಡೆ, ಎಂ.ಕೆ. ಹುಬ್ಬಳ್ಳಿಯಲ್ಲಿ ಇನ್ನೊಂದು ಕಡೆ ಈ ಹೊಳೆಯನ್ನು ಅಡ್ಡ ದಾಟುವುದು ನನ್ನ ಡ್ಯೂಟಿಯಾಗಿತ್ತು. ಅದರ ಉದ್ದಕ್ಕೂ ಹೋಗುವ ಪ್ರಸಂಗ ಬಂದದ್ದು ದೀಪಾವಳಿ ಮುಗಿದು, ಹಿಂಗಾರಿ ಬಿತ್ತಿಗೆ ಮುಗಿಸಿ ಕೈ ಬಿಡುವಾದಾಗ.

ಅದಕ್ಕೆ ಕಾರಣ ನನ್ನ ಅಣ್ಣನ ಮಗ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಹುಡುಗ. ಗೆಳೆಯರ ಜೊತೆ ಬೈಕಿನ ಮೇಲೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದಿದ್ದ. ಕೀ ಗೊಂಪಾ, ಧನಕರ ಗೊಂಪಾಗಳ ಚಿತ್ರ ಮೊಬೈಲಿನಲ್ಲಿ ತೋರಿಸುತ್ತ, "ಕಾಕಾ, ಗುಡ್ಡದ ಅಂಚಿಗೆ ಮಠಾ ಕಟ್ಟ್ಯಾರ ನೋಡ್ರಿ. ಕೆಳಗ ನೋಡಿದ್ರ ಹೊಳಿ, ಎದಿ ಝಲ್ಲ ಅಂತೈತಿ" ಅಂದ. ಚಿತ್ರ ಚೆನ್ನಾಗಿಯೇ ಇದ್ದವು. "ಐಹೊಳಿ ಗುಡ್ಡದಾಗಿನ ಬೌದ್ಧರ ಗವಿ ನೋಡೀಯೇನು?" ಅಂತ ಕೇಳಿದೆ. ಇಲ್ಲ. "ಸಿದ್ಧನಕೊಳ್ಳ?" ಹೆಸರೇ ಕೇಳಿರಲಿಲ್ಲ. "ನವಿಲುತೀರ್ಥ?" "ಸಾಲಿ ಟ್ರಿಪ್ಪಿನ್ಯಾಗ ಹೋಗಿದ್ವಿ, ಡ್ಯಾಮ್ ನೋಡಿ ಬಂದ್ವಿ." ಅವನ ತಲೆಮಾರಿನ ಬಹಳಷ್ಟು ಹುಡುಗರ ಉತ್ತರ ಇದೇ ಇದ್ದೀತು. ಮನಾಲಿಯ ರಸ್ತೆಯ ತಿರುವುಗಳು ಬಾಯಿಪಾಠ, ಖಾನಾಪುರ ತಾಲೂಕಿನಲ್ಲಿ ಎಷ್ಟು ಹೊಳೆ ಹುಟ್ಟುತ್ತವೆ ಗೊತ್ತಿಲ್ಲ. ಅವನದೇ ಕಾರು, ಓಡಿಸುವವ ನಾನು, ಹಿಂದಿನ ಸೀಟಿನಲ್ಲಿ ನನ್ನ ಮನೆಯಾಕೆ ಮತ್ತು ಅವಳ ಬುತ್ತಿ: ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಕೆಂಪು ಖಾರ. ಒಂದು ವಾರ ಮಲಪ್ರಭೆಯ ಜೊತೆ ಹೋದೆವು.

ಸಂಶಿಗೆ ಹೊಳೆ ಇಲ್ಲ. ಎರಿ ಹೊಲ, ಕೆರೆ, ಬೋರು, ಮಳೆಯಾದರೆ ಬದುಕು. ನಮ್ಮ ತಾಲೂಕಿನಲ್ಲಿ ವರ್ಷಕ್ಕೆ ಬೀಳುವುದು ಆರೇಳು ನೂರು ಮಿಲಿಮೀಟರ್ ಮಳೆ. ಅದೇ ಖಾನಾಪುರ ತಾಲೂಕಿನ ಅಮಗಾಂವದಲ್ಲಿ 2010ರಲ್ಲಿ ಬಿದ್ದದ್ದು ಹತ್ತು ಸಾವಿರ ಮಿಲಿಮೀಟರ್‌ಗೂ ಹೆಚ್ಚು. ಸಂಶಿಯಿಂದ ಕಾರಿನಲ್ಲಿ ಅರ್ಧ ದಿನದ ದಾರಿ. ಅಷ್ಟರಲ್ಲೇ ಇಷ್ಟು ಫರಕು. ನಮ್ಮ ಭಾಗದ ನೀರಿನ ಜಗಳವೆಲ್ಲ ಈ ಅರ್ಧ ದಿನದ ದಾರಿಯಲ್ಲೇ ಇದೆ.

ಧಾರವಾಡ, ಅಳ್ನಾವರ, ಖಾನಾಪುರ, ಜಾಂಬೋಟಿ. ಅಳ್ನಾವರ ದಾಟುತ್ತಿದ್ದಂತೆ ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ, ಜೋಳದ ಹೊಲ ಹೋಗಿ ಭತ್ತದ ಗದ್ದೆ ಬರುತ್ತದೆ. ಜಾಂಬೋಟಿ ಬಿಟ್ಟ ಮೇಲೆ ಚೋರ್ಲಾ ಘಾಟಿನ ಕಡೆಗೆ ಹೋಗುವ ರಸ್ತೆ, ಎರಡೂ ಬದಿ ಕಾಡು. ಆ ದಾರಿಯಲ್ಲೇ ಸಿಗುತ್ತದೆ ಕಣಕುಂಬಿ. ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರ. ಹೆಂಚಿನ ಮನೆಗಳು, ಮಾತು ಮರಾಠಿ, ಕೊಂಕಣಿ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಮಾವುಲಿ ದೇವಿಯ ಗುಡಿಯ ಹತ್ತಿರ ಕಲ್ಲು ಕಟ್ಟಿದ ಹೊಂಡ. ಅದೇ ಮಲಪ್ರಭೆಯ ಉಗಮ ಎಂದು ಜನ ಕೈಮುಗಿಯುತ್ತಾರೆ. ನನ್ನ ಮನೆಯಾಕೆ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹೊಂಡದ ಸುತ್ತ ಒಮ್ಮೆ ನೋಡಿ, "ಇಷ್ಟಽ ನೀರೇನ್ರೀ? ಇದಕ್ಕ ಇಷ್ಟು ವರ್ಷ ಬಡದಾಡ್ಯಾರ?" ಅಂದಳು. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನಕ್ಕು, "ಮಳೀಗಾಲದಾಗ ಬಾ ಅವ್ವಾ. ಆವಾಗ ಇಲ್ಲಿ ನಿಂದರಾಕ ಆಗೂದಿಲ್ಲ" ಅಂದಳು. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾಗುವ ಉರುವಲು, ಅಕ್ಕಿ, ಒಣಮೀನು ಎಲ್ಲ ಮೇ ತಿಂಗಳಲ್ಲೇ ಅಟ್ಟಕ್ಕೆ ಏರಿಸಬೇಕು ಎಂದು ಅವಳು ಲೆಕ್ಕ ಹೇಳಿದಳು. ನಮ್ಮಲ್ಲಿ ಬರಗಾಲಕ್ಕೆ ಕಾಳು ಕೂಡಿಡುತ್ತಾರೆ. ಅಲ್ಲಿ ಮಳೆಗೆ ಕೂಡಿಡುತ್ತಾರೆ.

ಕಣಕುಂಬಿಯ ಹೊರಗೆ ಅಗೆದು ಬಿಟ್ಟ ಕಳಸಾ ಕಾಲುವೆ ಇದೆ. ಆಳವಾಗಿ ಕಡಿದ ನೆಲ, ಕಾಂಕ್ರೀಟು, ಅದರ ಮೇಲೆ ಬೆಳೆದ ಗಿಡಗಂಟಿ. ಪ್ರಕರಣ ತಿಳಿಯದವರಿಗಾಗಿ ಎರಡು ಮಾತು. ಮಹದಾಯಿ ಹುಟ್ಟುವುದೂ ಇದೇ ಖಾನಾಪುರ ತಾಲೂಕಿನ ದೇಗಾಂವದ ಕಾಡಿನಲ್ಲಿ. ಅದು ಪಶ್ಚಿಮಕ್ಕೆ ಹರಿದು ಗೋವಾದಲ್ಲಿ ಮಾಂಡವಿಯಾಗಿ ಅರಬ್ಬಿ ಸಮುದ್ರ ಸೇರಿದರೆ, ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳಕೊಲ್ಲಿ ಸೇರುತ್ತದೆ. ಮಹದಾಯಿಯ ಉಪಹಳ್ಳಗಳಾದ ಕಳಸಾ, ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂಬುದು ನಮ್ಮ ಬೇಡಿಕೆ, ಬೇಡ ಎಂಬುದು ಗೋವಾದ ಪಟ್ಟು. 2010ರಲ್ಲಿ ನ್ಯಾಯಮಂಡಳಿ ಬಂತು. 2015ರಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. 2016ರ ಜುಲೈನಲ್ಲಿ ಮಧ್ಯಂತರ ಅರ್ಜಿ ತಿರಸ್ಕೃತವಾದಾಗ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೊಲೀಸರ ಲಾಠಿ ಹೆಂಗಸರು ಮುದುಕರೆನ್ನದೆ ಬೀಸಿತು. 2018ರ ಆಗಸ್ಟ್‌ನಲ್ಲಿ ಬಂದ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ಸಿಕ್ಕದ್ದು 3.9 ಟಿಎಂಸಿ. 2020ರಲ್ಲಿ ತೀರ್ಪು ಗೆಜೆಟ್‌ನಲ್ಲಿ ಪ್ರಕಟವೂ ಆಯಿತು. ನೀರು ಮಾತ್ರ ಇನ್ನೂ ಹರಿದಿಲ್ಲ. ಅರಣ್ಯ, ವನ್ಯಜೀವಿ ಅನುಮತಿಗಳ ನಡುವೆ ಕಡತ ಓಡಾಡುತ್ತಿದೆ.

ಆ 3.9 ಟಿಎಂಸಿ ನಮಗೆ ಬರಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಹುಬ್ಬಳ್ಳಿ–ಧಾರವಾಡದ ನಲ್ಲಿಗೆ ಬರುವುದು ಮಲಪ್ರಭೆಯ ನೀರು, ಊರೂರಿಗೆ ಪೈಪು ಹಾಕಿ ಕೊಡುತ್ತೇವೆನ್ನುವುದೂ ಅದೇ ನೀರು. ಕುಡಿಯುವ ನೀರಿಗೆ ನ್ಯಾಯಮಂಡಳಿ ಕೊಟ್ಟ ಪಾಲನ್ನು ರಾಜಕೀಯಕ್ಕೆ ತಡೆಯುವುದು ಅನ್ಯಾಯವೇ. ಆದರೆ ಯಾರ ಕಾಡಿನಿಂದ ಆ ನೀರು ಬರಬೇಕೋ ಆ ಜನರ ಬದುಕು ಹೇಗಿದೆ ಎಂದು ನಮ್ಮ ವೇದಿಕೆಗಳಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಭೀಮಗಡ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ಅದರ ಒಳಗೂ ಅಂಚಿನಲ್ಲೂ ಅಮಗಾಂವ, ಗವಾಳಿ, ಕೊಂಗಳಾ, ಪಾಸ್ತೊಳಿ, ತಳೇವಾಡಿ ಮುಂತಾದ ಹಳ್ಳಿಗಳಿವೆ. ಇಲ್ಲಿಯ ಬಾರಾಪೇಡೆ ಗವಿಗಳಲ್ಲಿ ಜಗತ್ತಿನಲ್ಲೇ ಅಪರೂಪದ ಒಂದು ಜಾತಿಯ ಬಾವಲಿ ಇರುವುದರಿಂದ ಪ್ರಾಣಿಶಾಸ್ತ್ರದವರಿಗೆ ಈ ಕಾಡು ಗೊತ್ತು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹಳ್ಳಿಗಳು ನಡುಗಡ್ಡೆಯಾಗುತ್ತವೆ. ಅಮಗಾಂವದಿಂದ ಹೆಣ್ಣುಮಗಳೊಬ್ಬಳನ್ನು ಮಳೆಯಲ್ಲಿ ಕಾಡಿನ ದಾರಿಯುದ್ದಕ್ಕೂ ಹೊತ್ತು ತಂದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲೇ ಬಂದಿತ್ತು. ಜಾಂಬೋಟಿಯ ಚಹಾದಂಗಡಿಯಲ್ಲಿ ನಮ್ಮ ಬೆಂಚಿನಲ್ಲೇ ಕೂತಿದ್ದ ಒಬ್ಬ ಮಧ್ಯವಯಸ್ಕ, ಎರಡು ಬಿದಿರು ಗಳಕ್ಕೆ ಕಂಬಳಿ ಕಟ್ಟಿ ಡೋಲಿ ಮಾಡುವುದು ಹೇಗೆಂದು ಕೈಯಲ್ಲಿ ತೋರಿಸಿದ. ನಾಲ್ಕು ಜನ ಹೊರಬೇಕು, ಇನ್ನು ನಾಲ್ಕು ಜನ ಬದಲಿಗೆ ಜೊತೆಗಿರಬೇಕು. ಹಳ್ಳ ದಾಟುವಾಗ ಮುಂದಿನವರು ಹೆಗಲಿನಿಂದ ತಲೆಯ ಮಟ್ಟಕ್ಕೆ ಎತ್ತಬೇಕು. "ಊರಾಗ ಎಂಟು ಗಟ್ಟಿ ಆಳು ಇಲ್ಲಂದ್ರ ಪೇಶಂಟು ಮನ್ಯಾಗಽ" ಅಂದ. ದುಡಿಯುವ ಹುಡುಗರೆಲ್ಲ ಗೋವಾ, ಬೆಳಗಾವಿಗೆ ಹೋದ ಊರಿನಲ್ಲಿ ಎಂಟು ಜನ ಎಲ್ಲಿ ಸಿಗಬೇಕು? 2025ರಲ್ಲಿ ತಳೇವಾಡಿಯ ಕುಟುಂಬಗಳು ಸರ್ಕಾರದ ಪರಿಹಾರ ಪಡೆದು ಕಾಡು ಬಿಟ್ಟು ಬರಲು ಒಪ್ಪಿದವು. ಬರುವವರು ಸ್ವಇಚ್ಛೆಯಿಂದ ಬರಲಿ, ಇರುವವರಿಗೆ ಕಾಲುಸಂಕವಾದರೂ ಇರಲಿ. ನಮ್ಮ ಹೊಳೆಯ ತಲೆಯಲ್ಲಿ ಕೂತವರು ಇವರು. ಕಾಲುವೆಗೆ ಕೋಟಿಗಟ್ಟಲೆ ಕೇಳುವ ನಾವು ಇವರ ಹಳ್ಳಕ್ಕೊಂದು ಸೇತುವೆ ಕೇಳಿದರೆ ನಮ್ಮ ಬೇಡಿಕೆಯ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಘಟ್ಟ ಇಳಿದ ಮೇಲೆ ಹೊಳೆ ಮೆಲ್ಲಗೆ ಮೈ ತುಂಬಿಕೊಳ್ಳುತ್ತದೆ. ಹಬ್ಬನಹಟ್ಟಿಯಲ್ಲಿ ಮಾರುತಿಯ ಗುಡಿ ಹೊಳೆಯ ಪಾತ್ರದಲ್ಲೇ ಇದೆ, ಪ್ರತಿ ಮಳೆಗಾಲ ಮುಳುಗುತ್ತದೆ, ನೀರಿಳಿದ ಮೇಲೆ ಪೂಜೆ ಮತ್ತೆ ನಡೆಯುತ್ತದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ಹೊಳೆಯ ನಡುವೆ ಬಾವಿಯಂಥ ಕಟ್ಟೋಣದೊಳಗಿದೆ. ಪಕ್ಕದ ಹೆದ್ದಾರಿಯ ಸೇತುವೆಯ ಮೇಲಿಂದ ಪುಣೆ–ಬೆಂಗಳೂರು ಲಾರಿಗಳು ಒಂದರ ಹಿಂದೊಂದು ಹಾಯುತ್ತವೆ. ಬಸ್ಸಿನವನಿಗೆ ಅಲ್ಲಿ ನಿಲ್ಲಿಸುವ ಹುಕುಂ ಇಲ್ಲ, ಕಾರಿನವರಿಗೆ ಏನಾಗಿದೆ? ಇಳಿದು ನೋಡಿದವರು ನಾವಷ್ಟೇ ಇದ್ದೆವು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಮ್ಮೂರಿನವರು ಚಕ್ಕಡಿಯಲ್ಲಿ ಹೋಗುತ್ತಿದ್ದ ಕಾಲ ನನಗೆ ನೆನಪಿದೆ. ಈಗ ಟ್ರ್ಯಾಕ್ಟರು, ಕ್ರೂಸರು. ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಸೇರುವ ಆ ಗುಡ್ಡದಿಂದ ನವಿಲುತೀರ್ಥ ದೂರವಿಲ್ಲ. ಇಲ್ಲಿ ಮಲಪ್ರಭೆ ಗಟ್ಟಿ ಕಲ್ಲಿನ ಗುಡ್ಡಸಾಲನ್ನು ಕೊಯ್ದುಕೊಂಡು ಹೊರಬೀಳುತ್ತದೆ. ಗುಡ್ಡದ ಬುಡಕ್ಕೆ ಬಂದು ದಾರಿ ಕಾಣದೆ ನಿಂತ ಹೊಳೆಯನ್ನು ಮೇಲಿಂದ ನವಿಲು ಕೂಗಿ ಕರೆಯಿತು, ಕೂಗು ಬಂದತ್ತ ಹೊಳೆ ತಿರುಗಿದಾಗ ಗುಡ್ಡ ಬಿರಿದು ದಾರಿ ಬಿಟ್ಟಿತು ಎಂದು ಕಥೆ. ನವಿಲು ತೋರಿಸಿದ ಆ ಕೊಳ್ಳದ ಬಾಯಿಗೇ ಎಂಜಿನಿಯರುಗಳು ಅಣೆಕಟ್ಟೆ ಕಟ್ಟಿದರು. 1972ರಲ್ಲಿ ಮುಗಿದ ಆ ಕಟ್ಟೆಯ ಹಿಂದೆ ನಿಂತ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಕಾಲುವೆಯ ನೀರು ಹೊಲ ಮುಟ್ಟದಿದ್ದರೂ ಅಭಿವೃದ್ಧಿ ಕರ ಕೇಳಿದ್ದಕ್ಕೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಸಿಡಿದೆದ್ದರು. ಪೊಲೀಸರ ಗುಂಡಿಗೆ ರೈತರು ಬಲಿಯಾದರು, ರಾಜ್ಯದ ರಾಜಕೀಯವೇ ಬದಲಾಯಿತು. ನವಲಗುಂದದಲ್ಲಿ ಜುಲೈ 21 ಇವತ್ತಿಗೂ ಹುತಾತ್ಮರ ದಿನ.

ಅಣೆಕಟ್ಟೆಯ ಮೇಲೆ ನಿಂತು ಅಣ್ಣನ ಮಗ ಕೇಳಿದ: "ಕಾಕಾ, ಇಷ್ಟು ದೊಡ್ಡ ಡ್ಯಾಮ್ ಐತಿ, ಹಿಂದ ಅಷ್ಟು ಮಳಿ ಐತಿ, ಮತ್ತ ಯಾಕ ತುಂಬೂದಿಲ್ಲ?" ಉತ್ತರ ಕಣಕುಂಬಿಯಲ್ಲೇ ಇತ್ತು. ಘಟ್ಟದ ನೆತ್ತಿಯ ಮಳೆಯ ದೊಡ್ಡ ಪಾಲು ಪಶ್ಚಿಮಕ್ಕೆ ಇಳಿಯುತ್ತದೆ. ಮಲಪ್ರಭೆಗೆ ಸಿಗುವ ಮಳೆಕಾಡಿನ ಪಟ್ಟಿ ಬಹಳ ಕಿರಿದು. ಖಾನಾಪುರ ದಾಟಿದ ಮೇಲೆ ಜಲಾನಯನವೆಲ್ಲ ಸಾಧಾರಣ ಮಳೆಯ ಬಯಲು, ಅದೂ ಈಗ ಊರಿಗೂರೇ ಕಬ್ಬು. ಹೊಳೆಯ ದಂಡೆಗುಂಟ ಪಂಪುಸೆಟ್ಟಿನ ಪೈಪುಗಳನ್ನು ಎಣಿಸುತ್ತ ಹೋದ ಹುಡುಗ ಬೈಲಹೊಂಗಲದ ಹೊತ್ತಿಗೆ ಎಣಿಕೆ ಬಿಟ್ಟ. ಮೇಲಿನ ಕಾಡು ಹಿಡಿದಿಟ್ಟು ಬಿಟ್ಟಷ್ಟೇ ನೀರು ಕೆಳಗಿನವರಿಗೆ. ಆ ಕಿರಿದು ಪಟ್ಟಿ ಹೋದರೆ 3.9 ಟಿಎಂಸಿ ಬಂದರೂ ತೂತು ಮಡಕೆಗೆ ನೀರು ಹೊಯ್ದ ಹಾಗೆ.

ಕಟ್ಟೆಯ ಕೆಳಗೆ ರಾಮದುರ್ಗದ ಕಡೆಗೆ ಗುಡ್ಡಗಳು ಮತ್ತೆ ಜೊತೆಗೂಡುತ್ತವೆ. ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲಿ, ರಾಮನಿಗಾಗಿ ಕಾದ ಶಬರಿಯ ಹೆಸರಿನ ಗುಡಿಯಿದೆ. ಎರಡು ಬದಿ ಕಲ್ಲು, ನಡುವೆ ಹೊಂಡ, ನೆರಳು. ಅಲ್ಲಿಂದ ಕೊಣ್ಣೂರು. ನನ್ನ ಹಳೆಯ ಡ್ಯೂಟಿಯ ದಾರಿ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟರೆಂದರೆ ಕೊಣ್ಣೂರು–ಗೋವನಕೊಪ್ಪದ ನಡುವಿನ ಸೇತುವೆ ಬಂದ್ ಎಂದು ಡಿಪೊದಿಂದ ಫೋನು. ಬಸ್ಸು ಸುತ್ತು ಹಾಕಬೇಕು, ಪ್ರಯಾಣಿಕರ ಬೈಗುಳ ನಾವು ತಿನ್ನಬೇಕು. 2019ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ಅಲ್ಲಿ ನಿಂತುಹೋಯಿತು. ರಾಮದುರ್ಗ, ನರಗುಂದ, ಬಾದಾಮಿ ತಾಲೂಕುಗಳ ಹಳ್ಳಿಗಳು ಮುಳುಗಿದವು. ಮಳೆ ಹೆಚ್ಚಾಗಿತ್ತು, ನಿಜ. ಅಷ್ಟೇ ನಿಜ ಇನ್ನೊಂದಿದೆ: ಹೊಳೆಯ ಪಾತ್ರ ಉಳಿದಿಲ್ಲ. ದಂಡೆಯ ಹೊಲಗಳು ವರ್ಷಕ್ಕಿಷ್ಟು ಒಳಕ್ಕೆ ಸರಿದಿವೆ. ಮರಳು ತೆಗೆದ ಗುಂಡಿಗಳಲ್ಲಿ ಜಾಲಿಕಂಟಿ, ಆಪು ಬೆಳೆದು ನಿಂತಿದೆ. ಸೇತುವೆಯ ಕೆಳಗಿಳಿದು ನೋಡಿದೆ. ಹೊಳೆ ಹರಿಯಬೇಕಾದ ಕಡೆ ಗೋವಿನಜೋಳ ತೆನೆ ಬಿಟ್ಟು ನಿಂತಿತ್ತು, ಅದರ ನಡುವೆ ಹತ್ತಾರು ಹೆಜ್ಜೆ ಅಗಲದ ನೀರು. ಕಡಿಮೆ ನೀರು ಬಿಟ್ಟರೂ ಊರು ಮುಳುಗುತ್ತದೆ ಎಂದು ದೂರುವ ನಾವು ಈ ಗೋವಿನಜೋಳದ ಸುದ್ದಿ ಎತ್ತುವುದಿಲ್ಲ. ಒತ್ತುವರಿದಾರ ಹೊರಗಿನವನಲ್ಲ, ನಮ್ಮ ಬೀಗನೇ ಇರುತ್ತಾನೆ.

2009ರ ನೆರೆಯ ನಂತರ 'ಆಸರೆ' ಮನೆಗಳನ್ನು ಕಟ್ಟಿದರು. ಹೊಳೆಯಿಂದ ದೂರ, ಮಡ್ಡಿಯ ಮೇಲೆ, ಸಾಲು ಸಾಲು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ನೀರಿಲ್ಲ ಎಂದು ಎಷ್ಟೋ ಕಡೆ ಜನ ಹಳೆಯ ಊರಿಗೇ ಮರಳಿದರು. ಖಾಲಿ ಬಿದ್ದ ಮನೆಗಳ ಬಾಗಿಲು ಕಿಟಕಿ ಹೋಗಿವೆ. ಒಂದೇ ಹೊಳೆಗುಂಟ ಮೂರು ಥರದ ಸ್ಥಳಾಂತರ ನೋಡಿದಂತಾಯಿತು: ಮೇಲೆ ವನ್ಯಜೀವಿಗಾಗಿ, ನಡುವೆ ಅಣೆಕಟ್ಟೆಗಾಗಿ, ಕೆಳಗೆ ನೆರೆಗಾಗಿ. ಮೂರರಲ್ಲೂ ಊರು ಬಿಟ್ಟವನು ಬಡವ.

ಕೊಣ್ಣೂರಿನ ಕೆಳಗೆ, ರೋಣ ತಾಲೂಕಿನಲ್ಲಿ, ಬೆಣ್ಣಿಹಳ್ಳ ಬಂದು ಮಲಪ್ರಭೆ ಸೇರುತ್ತದೆ. ಸಂಶಿಯವನಾದ ನನಗೆ ಈ ಜಾಗ ಮುಖ್ಯ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದ ತಾಲೂಕುಗಳ ಎರಿ ಹೊಲಗಳ ನೀರನ್ನೆಲ್ಲ ಬಾಚಿಕೊಂಡು ಬರುವ ಹಳ್ಳ ಇದು. ದಾರಿಯಲ್ಲಿ ತುಪ್ಪರಿಹಳ್ಳವೂ ಕೂಡುತ್ತದೆ. ಬೇಸಿಗೆಯಲ್ಲಿ ಕಾಲು ತೋಯುವುದಿಲ್ಲ. ದೊಡ್ಡ ಮಳೆಯಾದರೆ ಒಂದೇ ರಾತ್ರಿಯಲ್ಲಿ ಹೆಸರು, ಈರುಳ್ಳಿ, ಗೋವಿನಜೋಳ ಎಲ್ಲ ತೊಳೆದುಕೊಂಡು ಹೋಗುತ್ತದೆ. 2009ರಲ್ಲೂ 2019ರಲ್ಲೂ ಬೆಣ್ಣಿಹಳ್ಳ ಮಾಡಿದ ಹಾನಿ ನವಲಗುಂದದವರಿಗೆ ಗೊತ್ತು. ಸಂಗಮದಲ್ಲಿ ಆ ದಿನ ಹಳ್ಳದ ನೀರು ಎರಿಮಣ್ಣಿನ ಬಣ್ಣದ್ದಿತ್ತು. ಅದು ನಮ್ಮ ಹೊಲದ ಮೇಲ್ಮಣ್ಣು. ಮಹದಾಯಿಯಿಂದ ನೀರು ತರಲು ನಲವತ್ತು ವರ್ಷ ಹೋರಾಡುತ್ತಿರುವ ನಾವು, ನಮ್ಮ ಮನೆಯ ಮುಂದೆಯೇ ಹಾದು ಹೋಗುವ ನೀರಿಗೆ ಕೃಷಿಹೊಂಡ, ಬದು, ಬಾಂದಾರ ಎಷ್ಟು ಕಟ್ಟಿದ್ದೇವೆ? ಕಟ್ಟಿದ ಎಷ್ಟು ಬಾಂದಾರಗಳಿಗೆ ಹಲಗೆ ಹಾಕುತ್ತೇವೆ? ಈ ಪ್ರಶ್ನೆಗೆ ಗೋವಾ ಅಡ್ಡ ಬರುವುದಿಲ್ಲ, ದೆಹಲಿಯ ಅನುಮತಿಯೂ ಬೇಡ.

ಇನ್ನು ಬಾದಾಮಿಯ ಸೀಮೆ. ಇಲ್ಲಿ ಮರಳುಗಲ್ಲಿನ ಗುಡ್ಡಗಳು ಕೆಂಪಗೆ ಎದ್ದು ನಿಲ್ಲುತ್ತವೆ. ಖ್ಯಾಡದಂಥ ಊರುಗಳ ಆಸುಪಾಸಿನಲ್ಲಿ, ಮಲಪ್ರಭೆಯ ದಂಡೆಯಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ, ಪುರಾತತ್ವಜ್ಞ ಆರ್.ವಿ. ಜೋಶಿ 1955ರಲ್ಲೇ ಈ ಕಣಿವೆಯ ಮೇಲೆ ಪುಸ್ತಕ ಬರೆದಿದ್ದಾರೆ. ಬರವಣಿಗೆ ಬರುವ ಎಷ್ಟೋ ಮೊದಲು ಮನುಷ್ಯ ಈ ಹೊಳೆಯನ್ನು ನೆಚ್ಚಿ ಬದುಕಿದ್ದ ಎಂದಾಯಿತು. ಬಾದಾಮಿಯ ಮೂರನೆಯ ಗವಿಯಲ್ಲಿ ಚಾಲುಕ್ಯ ಮಂಗಲೇಶನ ಶಾಸನ ಕ್ರಿ.ಶ. 578ರದ್ದು. ಅಣ್ಣನ ಮಗ ಮೊದಲ ಗವಿಯ ನಟರಾಜನ ಮುಂದೆ ಸೆಲ್ಫಿ ತೆಗೆದವನು, ನಾಲ್ಕನೆಯದಾದ ಜೈನ ಗವಿಗೆ ಬಂದಾಗ ಮೊಬೈಲು ಕಿಸೆಗಿಟ್ಟ. ಅದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಚಿಕ್ಕದು. ಗೋಡೆಯ ತುಂಬ ತೀರ್ಥಂಕರರು. ಹಿಂದಿರುಗಿ ನೋಡಿದರೆ ಕೆಳಗೆ ಅಗಸ್ತ್ಯತೀರ್ಥ, ಎದುರು ಉತ್ತರದ ಕೋಟೆಯ ಬಂಡೆ, ನಡುವೆ ಕೊಳ್ಳ. ಬಂಡೆ ಏರುವ ಆಟಕ್ಕೆ ಪರದೇಶದವರು ಹಗ್ಗ ಹಿಡಿದು ಇಲ್ಲಿಗೆ ಬರುತ್ತಾರೆ. ಕೆರೆಯ ಆ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಅಲ್ಲೇ. ಅದನ್ನು ನೋಡಲು ಬಂದವರು ಆ ದಿನ ನಾವು ಮೂವರೇ.

ಶಿವಯೋಗಮಂದಿರ ಹೊಳೆಯ ದಂಡೆಗೇ ಇದೆ. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಕಟ್ಟಿದ ಸಂಸ್ಥೆ. ನಮ್ಮ ಕಡೆಯ ಎಷ್ಟೋ ಮಠಗಳ ಸ್ವಾಮಿಗಳು ವಟುಗಳಾಗಿ ಕಲಿತದ್ದು ಇಲ್ಲಿ. ಅಲ್ಲಿಂದ ಮಹಾಕೂಟದ ಪುಷ್ಕರಿಣಿ, ಆಮೇಲೆ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಊರಿನಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಗಂಡ ಕಂಚಿಯನ್ನು ಗೆದ್ದ ನೆನಪಿಗೆ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಅಂಗಳಕ್ಕೆ 2019ರಲ್ಲಿ ಇದೇ ಹೊಳೆಯ ನೀರು ನುಗ್ಗಿತ್ತು.

ಐಹೊಳೆಯ ಮೇಗುತಿ ಗುಡ್ಡವನ್ನು ಬೆಳಗಿನ ಬಿಸಿಲೇರುವ ಮುಂಚೆ ಹತ್ತಿದೆವು. ನೆತ್ತಿಯಲ್ಲಿ ರವಿಕೀರ್ತಿಯ ಜಿನಾಲಯ, ಕ್ರಿ.ಶ. 634ರ ಶಾಸನ, ಪುಲಕೇಶಿಯ ಗೆಲುವುಗಳ ದಾಖಲೆ. ಅದರ ಸ್ವಲ್ಪ ಕೆಳಗೆ ಗುಡ್ಡದ ಅಂಚಿಗೆ ಒತ್ತಿಕೊಂಡು ನಿಂತಿದೆ ಎರಡಂತಸ್ತಿನ ಬೌದ್ಧ ವಿಹಾರ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಲ್ಲು ಜೋಡಿಸಿ ಕಟ್ಟಿದ್ದು. ಮೇಲಂತಸ್ತಿನ ಪಡಸಾಲೆಯ ಚಾವಣಿಯಲ್ಲಿ ಕೂತ ಬುದ್ಧ, ಕತ್ತೆತ್ತಿ ನೋಡಬೇಕು. ಕೆಳಗಿನ ಪಡಸಾಲೆಯಲ್ಲಿ ಕುರಿ ಕಾಯುವವನೊಬ್ಬ ಕಂಬಕ್ಕೊರಗಿ ರೊಟ್ಟಿ ತಿನ್ನುತ್ತಿದ್ದ. ನಮಗೂ ಕೂರಲು ಕಂಬಳಿ ಸರಿಸಿದ. ಅಲ್ಲಿಂದ ನೋಡಿದರೆ ಊರು, ಊರಿನ ಗುಡಿಗಳು, ಅದರಾಚೆ ಹೊಳೆಯ ಹಸಿರು ಗೆರೆ. ಭಿಕ್ಷುಗಳು ಇಲ್ಲಿ ಕೂತದ್ದು ಏಕೆಂದು ಯಾರೂ ವಿವರಿಸಬೇಕಾಗಿರಲಿಲ್ಲ: ಭಿಕ್ಷೆಗೆ ಊರು ಹತ್ತಿರ, ಧ್ಯಾನಕ್ಕೆ ದೂರ, ಕುಡಿಯಲು ನೀರಿದೆ. ಅಣ್ಣನ ಮಗ ಬಹಳ ಹೊತ್ತು ಅಂಚಿನಲ್ಲಿ ನಿಂತಿದ್ದ. "ಕಾಕಾ, ಸ್ಪಿತಿಯೊಳಗ ಟಿಕೀಟಿಗೆ, ರೂಮಿಗೆ, ಬೈಕ್ ಬಾಡಿಗಿಗೆ ನಾ ಎಷ್ಟು ಖರ್ಚು ಮಾಡ್ದೆ ಗೊತ್ತೇನ್ರಿ?" ಅಂದ. ನಾನು ಕೇಳಲಿಲ್ಲ. ಅಲ್ಲಿ ಹೋದದ್ದು ತಪ್ಪೂ ಅಲ್ಲ; ಹರೆಯದಲ್ಲಿ ಹಿಮಾಲಯ ನೋಡಬೇಕು. ಮನೆಯ ಗುಡ್ಡ ನೋಡಿದವನಿಗೆ ಅಲ್ಲಿಯದು ಇನ್ನಷ್ಟು ತಿಳಿಯುತ್ತದೆ, ಅಷ್ಟೇ.

ಪಟ್ಟದಕಲ್ಲು, ಐಹೊಳೆಗಳ ನಡುವಿನ ಸಿದ್ಧನಕೊಳ್ಳ ನನಗೆ ಇಡೀ ದಾರಿಯಲ್ಲೇ ಹೆಚ್ಚು ಹಿಡಿಸಿತು. ಮುಂದೆ ಚಾಚಿದ ಹಾಸುಬಂಡೆಯ ಕೆಳಗೆ ಗುಡಿ, ಲಜ್ಜಾಗೌರಿಯ ಮೂರ್ತಿ, ಮಳೆಗಾಲದಲ್ಲಿ ಮೇಲಿಂದ ಬೀಳುವ ಝರಿ. ಇಲ್ಲಿ ಸಿದ್ಧರಿದ್ದರು ಎನ್ನುತ್ತಾರೆ. ಮಕ್ಕಳ ಫಲಕ್ಕೆ ಹರಕೆ ಹೊತ್ತವರು ಈಗಲೂ ಬರುತ್ತಾರೆ. ಬಂದವರಿಗೆ ಪ್ರಸಾದವಿದೆ. ಯಾವ ಊರು, ಯಾವ ಜಾತಿ ಎಂದು ಬಡಿಸುವವರು ಕೇಳಲಿಲ್ಲ. ಇಂಥ ಜಾಗಕ್ಕೆ ಬೇಕಾದದ್ದು ಶೌಚಾಲಯ, ಕುಡಿಯುವ ನೀರು, ದಿನಕ್ಕೆರಡು ಬಸ್ಸು. ಗುಡ್ಡದ ತುದಿಗೆ ಗಾಜಿನ ಸೇತುವೆ, ಕಾರು ಗರ್ಭಗುಡಿಯ ಬಾಗಿಲಿಗೇ ಬರುವಂಥ ರಸ್ತೆ, ಬಣ್ಣದ ದೀಪಗಳ ಯೋಜನೆ ತಂದರೆ ಹದಿಮೂರು ಹದಿನಾಲ್ಕು ಶತಮಾನ ಉಳಿದ ಕೊಳ್ಳ ನಾಲ್ಕೇ ವರ್ಷದಲ್ಲಿ ಪಿಕ್‌ನಿಕ್ ಕಟ್ಟೆಯಾದೀತು. ಬಂಡೆ ಸಿಡಿಸಿ ಮಾಡುವ ಅಭಿವೃದ್ಧಿ ಇಲ್ಲಿಗೆ ಬೇಡ ಎಂದು ಬಾಗಲಕೋಟೆಯವರು ಈಗಲೇ ಗಟ್ಟಿಯಾಗಿ ಹೇಳಲಿ.

ಕೂಡಲಸಂಗಮದಲ್ಲಿ ಮಲಪ್ರಭೆಯ ಹೆಸರು ಮುಗಿಯುತ್ತದೆ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರಿನ ನಡುವೆ, ಕಾಂಕ್ರೀಟ್ ಬಾವಿಯೊಳಗೆ ಬಸವಣ್ಣನವರ ಐಕ್ಯಮಂಟಪ. ಅಲ್ಲಿಗೆ 304 ಕಿಲೋಮೀಟರ್ ಹರಿದಿರುತ್ತದೆ ಹೊಳೆ.

ಇಷ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಮಹದಾಯಿ ತೀರ್ಪಿನ ನೀರು ತರುವ ಹೋರಾಟ ನಿಲ್ಲಬಾರದು. ಆದರೆ ಮುಂದಿನ ಮನವಿಪತ್ರದಲ್ಲಿ ಆ ಒಂದು ಬೇಡಿಕೆಯ ಜೊತೆ ಇನ್ನೂ ಮೂರು ಸೇರಲಿ. ಒಂದು, ಖಾನಾಪುರದ ಕಾಡಿನ ಹಳ್ಳಿಗಳಲ್ಲಿ ಉಳಿಯುವವರಿಗೆ ಹಳ್ಳಕ್ಕೊಂದು ಸೇತುವೆ, ಮಳೆಗಾಲಕ್ಕೊಬ್ಬ ಆರೋಗ್ಯ ಸಿಬ್ಬಂದಿ. ಎರಡು, ನವಿಲುತೀರ್ಥದ ಕೆಳಗೆ ಹೊಳೆಯ ಗಡಿ ಅಳೆದು ಕಲ್ಲು ನೆಟ್ಟು, ಒತ್ತುವರಿ ತೆರವು ಮಾಡುವುದು, ಅದು ಯಾರದೇ ಇರಲಿ. ಮೂರು, ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ನೀರನ್ನು ಹೊಲದಲ್ಲೇ ಹಿಡಿಯುವ ಕೆಲಸ. ಇದನ್ನು ಸರ್ಕಾರ ಮಾಡುವ ತನಕ ಕಾಯದೆ ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತ್ರಿಯಲ್ಲೇ ಶುರು ಮಾಡಬಹುದು.

ಮತ್ತೆ ಒಂದು ವಿನಂತಿ ಶಾಲೆ, ಕಾಲೇಜಿನವರಿಗೆ. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ತುಂಬಿಕೊಂಡು ವಾಟರ್ ಪಾರ್ಕಿಗೆ ಹೋಗುವ ಬಸ್ಸುಗಳನ್ನು ನಾನೇ ಓಡಿಸಿದ್ದೇನೆ. ಆ ಬಸ್ಸು ಒಂದು ವರ್ಷ ಕಣಕುಂಬಿಯ ಕಡೆ ತಿರುಗಲಿ. ವಾರ ಸಿಗದಿದ್ದರೆ ಎರಡು ದಿನ ಸಾಕು: ಮೊದಲ ದಿನ ಕಣಕುಂಬಿ, ನವಿಲುತೀರ್ಥ; ಎರಡನೆಯ ದಿನ ಬಾದಾಮಿ, ಐಹೊಳೆ, ಸಂಗಮ. ಹುಬ್ಬಳ್ಳಿಯಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತರ ಸುಮಾರಿಗೆ ಕಣಕುಂಬಿ ತಲುಪಬಹುದು; ಜಾಂಬೋಟಿಯಿಂದ ಮುಂದೆ ತಿರುವು ಬಹಳ, ನಿಧಾನ ಓಡಿಸಿ.